ಕಾಳು ಒಡೆಯುತ್ತಿದ್ದ ಸಾಲು

ಅರಳೆಯಿಂದ ಕಾಳು ಬಿಡಿಸುವ ಜಿನ್ನಿನ ಮಷಿನಿಗೆ ಹತ್ತಿ ಹಾಕುವ ಹೆಂಗಸಿಗೆ ಕಾಳು ಒಡೆಯುವುದು ಮೊದಲು ಹಲ್ಲಿಗೆ ಗೊತ್ತಾಗುತ್ತದೆ, ಕಿವಿಗೆ ಆಮೇಲೆ. ಅನ್ನದಲ್ಲಿ ಕಲ್ಲು ಸಿಕ್ಕಂತೆ ದವಡೆ ಬಿಗಿಯುತ್ತದೆ. ಆ ಬೇಸಿಗೆಯಲ್ಲಿ ನಮ್ಮ ಸಾಲಿನ ಎಲ್ಲರ ದವಡೆಯೂ ಬಿಗಿದೇ ಇತ್ತು.

ಎಪ್ಪತ್ತರ ದಶಕದ ನಡುವಿನ ಮಾತು. ದೇವರ ಹಿಪ್ಪರಗಿಯಿಂದ ಸಿಂದಗಿಯ ಕಡೆ ಹೋಗುವ ಹಾದಿಯಲ್ಲಿ ಆಗ ಒಂದು ಹತ್ತಿ ಜಿನ್ನು ಇತ್ತು. ಒಂದು ಎಣ್ಣೆ ಎಂಜಿನ್, ಎರಡು ಸಾಲು ಮಷಿನುಗಳು. ಪ್ರತಿ ಸಾಲಿನ ಹಿಂದೆ, ಗೋಡೆಯ ಗುಂಟ, ಉದ್ದನೆಯ ಒಂದು ಕಬ್ಬಿಣದ ಶಾಫ್ಟು. ಅದನ್ನು ಅಲ್ಲಲ್ಲಿ ಕಲ್ಲಿನ ಕಟ್ಟೆಗಳ ಮೇಲೆ ಬಳೆಯಂಥ ಹಿತ್ತಾಳೆಯ ಬುಶ್ಶಿನೊಳಗೆ ಕೂಡಿಸಿದ್ದರು. ಎಂಜಿನ್ ಶಾಫ್ಟನ್ನು ತಿರುಗಿಸುತ್ತಿತ್ತು, ಶಾಫ್ಟಿನಿಂದ ಒಂದೊಂದು ಪಟ್ಟಾ ಒಂದೊಂದು ಮಷಿನಿಗೆ ಹೋಗುತ್ತಿತ್ತು. ಮಷಿನಿನೊಳಗೆ ಚರ್ಮದ ರೋಲರು ಅರಳೆಯನ್ನು ಎಳೆದುಕೊಳ್ಳುತ್ತದೆ, ಅಲಗು ಕಾಳನ್ನು ತಡೆಯುತ್ತದೆ, ಬಡಿಯುವ ಪಟ್ಟಿ ಆ ಕಾಳನ್ನು ಕೆಳಗೆ ಉದುರಿಸುತ್ತದೆ. ಅಲಗಿಗೂ ಪಟ್ಟಿಗೂ ನಡುವೆ ಇರುವ ಸಂದು ಜರಾ ಹೆಚ್ಚುಕಡಿಮೆಯಾದರೆ ಕಾಳು ಉದುರುವುದಿಲ್ಲ, ಒಡೆಯುತ್ತದೆ. ಇಷ್ಟು ತಿಳಿದರೆ ಸಾಕು, ಮುಂದಿನದೆಲ್ಲ ತಿಳಿಯುತ್ತದೆ.

ಬೇರೆ ವರ್ಷ ಒಂದಿಷ್ಟು ಕಾಳು ಒಡೆದರೆ ಯಾರೂ ಕೇಳುತ್ತಿರಲಿಲ್ಲ, ಎಣ್ಣೆ ಗಾಣಕ್ಕೆ ಹೋಗುವ ಕಾಳು ತಾನೇ. ಆ ವರ್ಷ ಮಾಲೀಕರು ಬಿತ್ತನೆಯ ಬೀಜದ ಹತ್ತಿ ಹಿಡಿದಿದ್ದರು. ಒಡೆದ ಕಾಳು ಮೊಳೆಯುವುದಿಲ್ಲ. ನಮ್ಮ ಸಾಲಿನ ಒಂದನೆಯ ಮಷಿನು ಚೆನ್ನಾಗಿತ್ತು, ಕೊನೆಯದೂ ಚೆನ್ನಾಗಿತ್ತು. ನಡುವಿನವು ಒಡೆಯುತ್ತಿದ್ದವು. ಎಲ್ಲಕ್ಕಿಂತ ಹೆಚ್ಚು ನಾಲ್ಕನೆಯದು. ಅಲ್ಲಿ ಕೂಡುತ್ತಿದ್ದವಳು ಬಾಯಿ ಜೋರಿನ ಹುಡುಗಿ, ಗೊಳಸಂಗಿಯ ಕಡೆಯಿಂದ ಲಗ್ನವಾಗಿ ಬಂದವಳು. ಬಾಯಿ ಜೋರು ಅಂದಮೇಲೆ ಬೈಗುಳವೂ ಅವಳಿಗೇ ಮೊದಲು.

ಮ್ಯಾನೇಜರು ಒಂದು ಬುಟ್ಟಿ ಕಾಳು ತಂದು ಅವಳ ಮುಂದೆ ಸುರಿದ.

"ಏನಬೇ ಇದು? ಹತ್ತಿ ಹಾಕಾಕತ್ತಿಯೋ, ಹಸುಗೂಸಿನ ಬಾಯಾಗ ಮುದ್ದಿ ತುರಕಾಕತ್ತಿಯೋ?"

"ನಾ ಎಷ್ಟ ಹಾಕ್ತೇನಿ ಅಷ್ಟ ಒಂದನೇ ಮಷಿನಿನಾಕೀನೂ ಹಾಕ್ತಾಳ್ರಿ. ಅಕಿ ಕಾಳ ಯಾಕ ಒಡ್ಯಾಂಗಿಲ್ಲ?"

"ಅಕಿ ಕೈ ಚಲೋ ಐತಿ."

"ಹಂಗಾರ ಅಕಿನ್ನ ಇಲ್ಲಿ ಕೂಡಸ್ರಿ!"

ಮ್ಯಾನೇಜರು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದ. ಎದುರಿನ ಸಾಲಿನವರನ್ನು ನಮ್ಮ ಜಾಗದಲ್ಲಿ ಕೂಡಿಸಿದ. ಅವರು ಹೆದರಿ ಚಿಟಿಕೆ ಚಿಟಿಕೆ ಹಾಕಿದರು, ದೇವರ ಮುಂದೆ ಅಕ್ಷತೆ ಹಾಕಿದ ಹಾಗೆ. ಆ ದಿನ ಕಾಳು ಒಡೆಯಲಿಲ್ಲ. ಮ್ಯಾನೇಜರಿಗೆ ಅಷ್ಟು ಸಾಕಾಯಿತು. ಸಂತೆ ಮುಗಿದ ಮರುದಿನ ಮೋರಟಗಿಯ ಕಡೆಯ ಹೆಂಗಸರನ್ನು ಕರೆಸುತ್ತೇನೆ, ನಿಮ್ಮ ಸಾಲು ಎದ್ದು ಹೋಗಬೇಕು ಎಂದ. ಆ ಸಾಲಿಗೆ ಹಿರಿಯಳು ನಾನು. ಅವರನ್ನೆಲ್ಲ ಕೆಲಸಕ್ಕೆ ಕರೆತಂದವಳೂ ನಾನೇ.

ಮ್ಯಾನೇಜರು ಕೆಟ್ಟವನಲ್ಲ. ಜಮೀನಿದ್ದ ಮನೆಯವನು, ಮಣ್ಣು ಕಂಡರೆ ಕೈ ಸುಮ್ಮನಿರುತ್ತಿರಲಿಲ್ಲ. ಜಿನ್ನಿನ ಹಿಂದೆ ಬದನೆ ಹಚ್ಚಿದ್ದ. ಬೆಳೆದದ್ದನ್ನು ನಮಗೆಲ್ಲ ಹಂಚುತ್ತಿದ್ದ, ಬೈದ ದಿನವೂ ಹಂಚುತ್ತಿದ್ದ. ಎಣ್ಣೆಗಾಯಿಗೆ ಹೇಳಿ ಮಾಡಿಸಿದಂಥ ಬದನೆ.

ದುರಸ್ತಿಯ ಪ್ರಯತ್ನ ನಡೆದಿರಲಿಲ್ಲ ಎಂದಲ್ಲ. ಶಾಫ್ಟಿಗೆ ಎಣ್ಣೆ ಬಿಡುವ ಮುದುಕ, ಪಟ್ಟಾ ಸಡಿಲಾಗಿದೆ ಎಂದ. ಬಿಗಿ ಮಾಡಿದರು, ಒಡೆಯುವುದು ಹೆಚ್ಚಾಯಿತು. ನಾನು, ಈ ಸಲ ಬಂದ ಚರ್ಮ ಕಚ್ಚಾ ಇದೆ ಎಂದೆ. ನಾಲ್ಕನೆಯ ಮಷಿನಿಗೆ ಹೊಸ ರೋಲರು ಹಾಕಿದರು. ಕೆಲವು ದಿನ ನೆಟ್ಟಗಿತ್ತು, ಆಮೇಲೆ ಮತ್ತೆ ಅದೇ ಹಾಡು. ರೋಲರು ಕೂಡಿಸುವ ಮೇಸ್ತ್ರಿ ದಿನಾ ಬೆಳಿಗ್ಗೆ ಸಂದು ಸರಿ ಮಾಡುತ್ತಿದ್ದ, ಮಧ್ಯಾಹ್ನಕ್ಕೆ ಅದು ಸರಿದಿರುತ್ತಿತ್ತು. ಅವನು ಎಂಜಿನ್ ಮೇಸ್ತ್ರಿಯನ್ನು ಬೈಯುತ್ತಿದ್ದ. ಇಂಡಿಯಿಂದ ಬಂದ ಆ ಎಂಜಿನ್ ಮೇಸ್ತ್ರಿ ನಮ್ಮನ್ನು ಬೈಯುತ್ತಿದ್ದ. ಒಬ್ಬೊಬ್ಬನ ಮಾತೂ ಕೇಳಿದರೆ ಖರೇ ಅನ್ನಿಸುತ್ತಿತ್ತು. ಅದೇ ತೊಂದರೆ.

ಸಂತೆಯ ಹಿಂದಿನ ದಿನ ಮಾಲೀಕರು ಧಾರವಾಡದ ಕಡೆಯ ಒಬ್ಬ ಇಂಜಿನಿಯರನ್ನು ಕಳಿಸಿದರು. ತೆಳ್ಳಗಿನ ಮನುಷ್ಯ, ಮಾತು ಕಡಿಮೆ. ಮುಂಜಾನೆಯೆಲ್ಲ ಮಷಿನಿನಿಂದ ಮಷಿನಿಗೆ ಕಿವಿ ಕೊಟ್ಟು ತಿರುಗಿದ. ಊಟದ ಹೊತ್ತಿಗೆ ಎಂಜಿನ್ ನಿಂತಾಗ ಎಲ್ಲರನ್ನೂ ಕರೆದು, "ನಿಮ್ಮ ನಿಮ್ಮ ವಿಚಾರ ಹೇಳ್ರಿ," ಎಂದ. ಹೇಳಿದರು. ಎಲ್ಲರೂ ಒಟ್ಟಿಗೇ ಹೇಳಿದರು. ಎಂಜಿನ್ ನಡೆಯುವಾಗಲೂ ಅಷ್ಟು ಗದ್ದಲವಿರಲಿಲ್ಲ. ಎಂಜಿನ್ ಮೇಸ್ತ್ರಿಯ ಧ್ವನಿ ಎಲ್ಲರದಕ್ಕಿಂತ ಮೇಲೆ ಇತ್ತು, ಹೀಗಾಗಿ ಅವನ ಮಾತೇ ಖರೇ ಎನ್ನುವಂತೆ ಆಗತೊಡಗಿತು.

ನನಗೆ ಅತ್ತೆಯ ನೆನಪಾಯಿತು. ನಮ್ಮ ಎಮ್ಮೆ ಒಮ್ಮೆ ಇದ್ದಕ್ಕಿದ್ದಂತೆ ಹಾಲು ನಿಲ್ಲಿಸಿದಾಗ ಓಣಿಯವರೆಲ್ಲ ಬಂದು ಒಂದೊಂದು ಕಾರಣ ಒದರಿದ್ದರು. ಅತ್ತೆ ಎಲ್ಲರ ಕೈಗೂ ಸಮನಾಗಿ ಒಂದೊಂದು ಹಿಡಿ ಜೋಳ ಕೊಟ್ಟು, ಬಾಯಿಂದ ಬೇಡ, ಕಾಳಿನಿಂದ ಹೇಳಿರಿ ಎಂದಿದ್ದಳು. ಮೇವು ಅನ್ನುವವರು ಇಲ್ಲಿ ಹಾಕಿರಿ, ಕೆಚ್ಚಲು ಅನ್ನುವವರು ಇಲ್ಲಿ, ದೃಷ್ಟಿ ಅನ್ನುವವರು ಅಲ್ಲಿ. ಎಷ್ಟು ಖಾತ್ರಿಯೋ ಅಷ್ಟು ಕಾಳು.

ಅಂಗಳದಲ್ಲಿ ಮಾಲೀಕರ ತೊಗರಿ ಒಣಗುತ್ತಿತ್ತು. ಉಡಿಯಲ್ಲಿ ತುಂಬಿಕೊಂಡು ಬಂದೆ. ಸುಣ್ಣದ ಹೆಂಟೆಯಿಂದ ನೆಲದ ಮೇಲೆ ಜಿನ್ನನ್ನು ಬರೆದೆ. ಎಂಜಿನ್ನಿಗೆ ಒಂದು ಮನೆ, ಪಟ್ಟಾಕ್ಕೆ ಒಂದು, ರೋಲರಿಗೆ ಒಂದು, ಅಲಗಿಗೆ ಒಂದು, ಶಾಫ್ಟಿಗೂ ಅದರ ಕಟ್ಟೆಗೂ ಸೇರಿ ಒಂದು. ನಾಲ್ಕನೆಯ ಮಷಿನಿನವಳು ಬಗ್ಗಿ ನೋಡಿದಳು.

"ನಮ್ಮ ಕೈಗೂ ಒಂದ ಮನಿ ಬರಿ ಯಕ್ಕಾ. ಇಲ್ಲಾಂದ್ರ ತನ್ನ ಮಂದೀನ್ನ ಬಿಟ್ಟ ಬರದಳು ಅಂತಾರ."

ಬರೆದೆ.

ಮ್ಯಾನೇಜರು ನಕ್ಕ. "ಏನ್ ಯಕ್ಕಾ, ಚೌಕಾಬಾರ ಆಡಸ್ತೀಯೇನು?"

"ಆಡ್ರಿ ಮ್ಯಾನೇಜರ್ರ, ನಿಮಗೂ ಒಂದ ಹಿಡಿ ಐತಿ. ಎರಡ ಮಾತ ಅಷ್ಟ. ಕಾಳ ಹಾಕಿದಾವ ಯಾಕ ಹಾಕ್ದೆ ಅಂತ ಹೇಳಬೇಕು, ನನಗ ತಿಳಿಯೂ ಹಂಗ ಹೇಳಬೇಕು. ಗೊತ್ತಿಲ್ಲದ್ದು ಮುಷ್ಟಿಯೊಳಗ ಇರಲಿ, ಸುಮ್ಮ ಸುಮ್ಮನ ಚೆಲ್ಲಬ್ಯಾಡ್ರಿ."

ಇಂಜಿನಿಯರು ನನ್ನನ್ನು ಒಂದು ಸಲ ನೋಡಿ, ಪ್ಯಾಂಟು ಮೇಲಕ್ಕೆ ಎಳೆದುಕೊಂಡು ನೆಲದ ಮೇಲೆ ಚಕ್ಕಳಮಕ್ಕಳ ಕೂತ. ಅವನು ಕೂತ ಮೇಲೆ ಉಳಿದವರು ನಿಲ್ಲುವ ಹಾಗಿರಲಿಲ್ಲ. ನಮ್ಮ ಸಾಲಿಗೆಲ್ಲ ಸೇರಿ ನನ್ನದೊಂದೇ ಹಿಡಿ ಎಂದು, ಆರು ಜನರಿಗೂ ಸಮನಾಗಿ ತೊಗರಿ ಹಂಚಿದೆ.

ಮ್ಯಾನೇಜರು ತನ್ನ ಹಿಡಿಯನ್ನು ಪೂರ್ತಿ ಹೆಂಗಸರ ಕೈಯ ಮನೆಗೆ ಸುರಿದ. "ತುರಕ್ತಾರ," ಎಂದ, ಮುಗಿಯಿತು.

ಎಂಜಿನ್ ಮೇಸ್ತ್ರಿಯೂ ಮುಕ್ಕಾಲು ಹಿಡಿ ಅಲ್ಲಿಗೇ ಹಾಕಿದ. ಅವನ ಕಾರಣವೂ ಅದೇ, ತುರುಕುತ್ತಾರೆ. ಉಳಿದದ್ದನ್ನು ಕೈಯಲ್ಲಿ ಆಡಿಸುತ್ತ ತಡೆದ. ಆಮೇಲೆ ಶಾಫ್ಟಿನ ಮನೆಗೆ ಒಂದು ಚಿಟಿಕೆ ಬಿಟ್ಟ.

"ಅದ ಯಾಕ್ರಿ?" ಎಂದೆ.

"ಏನೋ ಯಕ್ಕಾ, ಖಾತ್ರಿ ಇಲ್ಲ. ಈ ಸಾಲಿನ ಪಟ್ಟಾ ಹಾಕಿದ ಕೂಡ್ಲೆ ಎಂಜಿನ್ ಏದುಸಿರ ಬಿಡತೈತಿ. ಹತ್ತಿ ಹಾಕೂಕಿಂತ ಮೊದಲ. ಆ ಸಾಲಿಂದ ಹಾಕಿದಾಗ ಹಂಗ ಇಲ್ಲ."

ರೋಲರು ಮೇಸ್ತ್ರಿ ತನ್ನ ದೊಡ್ಡ ಪಾಲನ್ನು ಎಂಜಿನ್ನಿನ ಮನೆಗೆ ಬಡಿದಂತೆ ಹಾಕಿದ. "ಇವನ ಎಂಜಿನ್ ಓಟ ಕುಂಟ ಕುದರಿ ಓಟ."

"ನಿನ್ನ ಅಲಗ ಏನ್ ಬಂಗಾರದ್ದೇನೋ?" ಎಂದ ಎಂಜಿನ್ ಮೇಸ್ತ್ರಿ.

"ಕಾಳ್ಲೆ ಮಾತಾಡೋ, ಬಾಯ್ಲೆ ಬ್ಯಾಡ," ಎಂದ ಎಣ್ಣೆ ಮುದುಕ.

ರೋಲರು ಮೇಸ್ತ್ರಿಯೂ ಒಂದು ಚಿಟಿಕೆ ಶಾಫ್ಟಿಗೆ ಹಾಕಿದ. ತಾನು ಬೆಳಿಗ್ಗೆ ಬಿಗಿದ ತಿರುಪುಗಳು ನಡುವಿನ ಮಷಿನುಗಳಲ್ಲಿ ಮಾತ್ರ ಮಧ್ಯಾಹ್ನಕ್ಕೆ ಸಡಿಲಾಗುತ್ತವೆ, ಕೆಳಗಿನಿಂದ ಏನೋ ನಡುಗಿಸುತ್ತಿರಬಹುದು ಎಂದ. ಮುದುಕ ಹೆಚ್ಚಿನದನ್ನು ಪಟ್ಟಾಕ್ಕೆ ಹಾಕಿದ, ಸ್ವಲ್ಪ ಶಾಫ್ಟಿಗೆ. ನಡುವಿನ ಕಟ್ಟೆಯ ಬುಶ್ಶು ಈಗೀಗ ಉಳಿದವುಗಳಿಗಿಂತ ಹೆಚ್ಚು ಎಣ್ಣೆ ಕುಡಿಯುತ್ತಿದೆಯಂತೆ. "ಮುದಿ ಆಗೇತಿ, ಕುಡಿಯಾಕತ್ತೈತಿ, ನನ್ನಂಗ," ಎಂದ. ನಾನು ಚರ್ಮದ ಮೇಲೆ ಹಾಕಿದೆ, ಆ ಹಟ ನನಗಿನ್ನೂ ಬಿಟ್ಟಿರಲಿಲ್ಲ. ಉಳಿದ ಚೂರನ್ನು ಶಾಫ್ಟಿಗೆ ಹಾಕಿದೆ. ನಾಲ್ಕನೆಯ ಮಷಿನಿನ ಹತ್ತಿರ ಬರಿಗಾಲಲ್ಲಿ ನಿಂತರೆ ಅಂಗಾಲು ಜುಂ ಎನ್ನುತ್ತಿತ್ತು, ಒಂದನೆಯದರ ಹತ್ತಿರ ಎನ್ನುತ್ತಿರಲಿಲ್ಲ.

ಕೊನೆಗೆ ಇಂಜಿನಿಯರು. ಅಲಗಿಗೆ ಒಂದಿಷ್ಟು, ಶಾಫ್ಟಿಗೆ ಒಂದಿಷ್ಟು ಹಾಕಿ ಮುಷ್ಟಿ ಮುಚ್ಚಿದ. ಅರ್ಧಕ್ಕಿಂತ ಹೆಚ್ಚು ಅದರೊಳಗೇ ಉಳಿಯಿತು.

"ಇಷ್ಟ ದೂರದಿಂದ ಕರಸಿದ್ದು ಮುಷ್ಟಿ ಮುಚ್ಚಾಕೇನ್ರಿ ಸಾಹೇಬ್ರ?" ಎಂದ ಮ್ಯಾನೇಜರು.

"ಮುಂಜಾನಿಂದ ನೋಡೇನಿ, ಇಷ್ಟ ತಿಳದೈತಿ. ಅಲಗಿನ ಸಂದ ಸರಿಯಾಕತ್ತೈತಿ, ಶಾಫ್ಟ್ ತಿರುಗೂ ಸಪ್ಪಳ ನಡುವಿನ ಕಟ್ಟಿ ಕಡೆ ಬ್ಯಾರೆ ಐತಿ. ಉಳದದ್ದು ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಗೊತ್ತೈತಿ ಅಂದ್ರ ನಾಳೆ ನಿಮ್ಮ ಮಷಿನ ನನ್ನ ಮಾರಿ ಕೆಡಸ್ತೈತಿ."

ನೆಲದ ಮೇಲೆ ಎಲ್ಲಕ್ಕಿಂತ ದೊಡ್ಡ ಗುಂಪು ಹೆಂಗಸರ ಕೈಯದೇ ಆಗಿತ್ತು. ಮ್ಯಾನೇಜರು ಎದ್ದು ಪಂಚೆ ಝಾಡಿಸಿದ. "ನೋಡಿದೇನ್ ಯಕ್ಕಾ, ನಿನ್ನ ಆಟದಾಗ ನೀನ ಸೋತಿ."

ನಾಲ್ಕನೆಯ ಮಷಿನಿನವಳು ನನ್ನ ಕಡೆ ನೋಡಿದ ನೋಟಕ್ಕೆ ಹಸಿ ಕಟ್ಟಿಗೆಗೂ ಬೆಂಕಿ ಹತ್ತಬೇಕಿತ್ತು. ನಾನು ಆ ಗುಂಪುಗಳನ್ನೇ ನೋಡುತ್ತ ಕೂತೆ. ಏನೋ ಸರಿ ಕಾಣುತ್ತಿರಲಿಲ್ಲ.

"ಕೂಡ್ರಿ ಮ್ಯಾನೇಜರ್ರ," ಎಂದೆ. "ಈ ಗುಂಪಿನ್ಯಾಗ ಎಷ್ಟ ಮಂದಿ ಕಾಳ ಅದಾವ?"

"ಇಬ್ಬರವು."

"ಕಾರಣ?"

"ತುರಕ್ತಾರಂತ."

"ಇಬ್ಬರದೂ ಅದ. ಎಂಜಿನ್ ಮೇಸ್ತ್ರಿ ಹೇಳಿದ್ದು ನಿಮ್ಮ ಬಾಯಿಂದ ಕೇಳಿದ ಮಾತ. ಒಂದ ಮಾತನ್ನ ಇಬ್ಬರು ಆಡಿದ್ರ ಅದು ಎರಡ ಮಾತ ಆಗಂಗಿಲ್ಲ. ಶಾಫ್ಟಿನ ಮನಿಯಾಗ ನೋಡ್ರಿ. ಯಾರೂ ಅದನ್ನ ಮೊದಲ ಹೇಳಲಿಲ್ಲ. ಆದ್ರ ನಿಮ್ಮನ್ನ ಬಿಟ್ಟ ಎಲ್ಲಾರೂ ಅಲ್ಲೆ ಚೂರ ಚೂರ ಹಾಕ್ಯಾರ. ಒಬ್ಬಾಂವ ಎಂಜಿನ್ ಏದುಸಿರ ಕೇಳ್ಯಾನ, ಒಬ್ಬಾಂವ ತಿರುಪ ಸಡಲಾದದ್ದ ನೋಡ್ಯಾನ, ಈ ಮುತ್ಯಾ ಎಣ್ಣಿ ನೋಡ್ಯಾನ, ಸಾಹೇಬ್ರು ಸಪ್ಪಳ, ನಾ ಅಂಗಾಲು. ಕಾರಣ ಒಬ್ಬೊಬ್ಬರದು ಬ್ಯಾರೆ ಬ್ಯಾರೆ, ಯಾರೂ ಇನ್ನೊಬ್ಬರ ಮಾತ ಆಡಿಲ್ಲ."

ಇಂಜಿನಿಯರು ಹೌದೆಂದು ತಲೆಯಾಡಿಸಿದ. "ದೊಡ್ಡ ಗುಂಪ ಎಲ್ಲಾ ಒಬ್ಬರ ಕೆಲಸದ ಮ್ಯಾಲ ಇನ್ನೊಬ್ಬರು ಹಾಕಿದ್ದು. ಅದರಾಗ ಜಗಳಾನೂ ಕೂಡೇತಿ. ಶಾಫ್ಟಿಗೆ ಮುತ್ಯಾ ಎಣ್ಣಿ ಬಿಡತಾನ ಅಷ್ಟ, ಅದು ಯಾರದೂ ಅಲ್ಲ, ಅದರ ಮ್ಯಾಲ ಯಾರಿಗೂ ಸಿಟ್ಟಿಲ್ಲ. ಆದ್ರ ಯಕ್ಕಾ, ಇದು ಸಾಕ್ಷಿ ಅಲ್ಲ. ಎಲ್ಲೆ ಮೊದಲ ಹುಡಕಬೇಕು ಅನ್ನೂ ಹಾದಿ ಅಷ್ಟ."

"ಹಾದಿ ಸಾಕ್ರಿ."

ಆದರೆ ಆ ಹಾದಿಯಲ್ಲಿ ನಡೆಯಬೇಕೆಂದರೆ ಜಿನ್ನು ನಿಲ್ಲಿಸಬೇಕು. ಸಾಲಿನ ಪಟ್ಟಾಗಳನ್ನೆಲ್ಲ ಇಳಿಸಿ, ಶಾಫ್ಟಿನ ಗುಂಟ ಹುರಿ ಎಳೆದು, ಅದು ನೆಟ್ಟಗಿದೆಯೋ ಡೊಂಕಾಗಿದೆಯೋ ನೋಡಬೇಕು. ಹೊರಗೆ ಹತ್ತಿಯ ಬಂಡಿಗಳು ಸಾಲುಗಟ್ಟಿ ನಿಂತಿದ್ದವು. ಮ್ಯಾನೇಜರು ಒಪ್ಪಲಿಲ್ಲ. ಚಿಟಿಕೆ ತೊಗರಿಗಾಗಿ ಜಿನ್ನು ನಿಲ್ಲಿಸಿದೆ ಅಂತ ಮಾಲೀಕರಿಗೆ ಹೇಳಲೇ ಎಂದು ಕೇಳಿದ. ಅವನ ಮಾತಿನಲ್ಲೂ ತಪ್ಪಿರಲಿಲ್ಲ.

ಆಗ ನಾನು ಹೇಳಿಬಿಟ್ಟೆ. "ಹುರಿ ಎಳದ ಮ್ಯಾಲ ಶಾಫ್ಟ್ ನೆಟ್ಟಗಿದ್ರ, ಸಂತಿ ತನಾ ಕಾಯಬ್ಯಾಡ್ರಿ. ನಮ್ಮ ಸಾಲ ಇವತ್ತ ಎದ್ದ ಹೋಗ್ತೈತಿ. ಮೋರಟಗಿ ಮಂದಿ ಬಂದಾಗ ನಾವ ಬಂದ ಮಷಿನ ತೋರಿಸಿ, ಹೇಳಿಕೊಟ್ಟ ಹೋಗ್ತೇವಿ."

ಹೆಂಗಸರು ನನ್ನ ಮೇಲೆ ಬಿದ್ದರು. ನಾಲ್ಕನೆಯ ಮಷಿನಿನವಳು ಸೆರಗು ಹಿಡಿದು ಎಳೆದಳು.

"ನಮ್ಮನ್ನ ಕೇಳದ ನಮ್ಮ ಕೂಳ ಪಣಕ್ಕ ಇಟ್ಟೆಲ್ಲ ಯಕ್ಕಾ! ನಿನಗೇನ ಖಾತ್ರಿ ಐತೇನು?"

"ಇಲ್ಲ."

"ಮತ್ತ?"

"ಸುಮ್ಮ ಕುಂತ್ರ ಸಂತಿ ಮರದಿನ ಹೋಗೂದು ಮಾತ್ರ ಖಾತ್ರಿ ಐತಿ. ಯಾವುದು ಚಲೋ ನೀನ ಹೇಳು."

ಅವಳು ಸೆರಗು ಬಿಟ್ಟಳು. ಮ್ಯಾನೇಜರು ಬಾಗಿಲಿಗೆ ಹೋಗಿ ಬಂಡಿಗಳನ್ನು ಎಣಿಸಿ ಬಂದು, "ಮಾಡ್ರಿ, ದೌಡ ಮಾಡ್ರಿ," ಎಂದ.

ಪಟ್ಟಾ ಇಳಿಸುವುದೇ ದೊಡ್ಡ ಕೆಲಸವಾಯಿತು. ಇಬ್ಬರು ಮೇಸ್ತ್ರಿಗಳೂ ಬೈದಾಡುತ್ತಲೇ ಕೂಡಿ ಇಳಿಸಿದರು. ಇಂಜಿನಿಯರು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಗೌಂಡಿಯ ಹುರಿಯನ್ನು ಬಿಗಿಯಾಗಿ ಕಟ್ಟಿಸಿದ, ಶಾಫ್ಟಿನ ನೆತ್ತಿಯ ಮೇಲೆ, ಅದರ ಗುಂಟ. ಎರಡು ತುದಿಗಳಲ್ಲೂ ಹುರಿಗೂ ಕಬ್ಬಿಣಕ್ಕೂ ನಡುವೆ ಒಂದು ದಪ್ಪ ನಾಣ್ಯ ಸರಿಯಾಗಿ ಹೋಗುವಷ್ಟು ಸಂದು ಬಿಟ್ಟ. ಆಮೇಲೆ ಆ ನಾಣ್ಯವನ್ನು ನನ್ನ ಕೈಗೆ ಕೊಟ್ಟು, "ನೀವ ನೋಡಕೊಂತ ಬರ್ರಿ," ಎಂದ.

ಮೊದಲ ಕಟ್ಟೆಯಲ್ಲಿ ಹೋಯಿತು. ಎರಡನೆಯದರಲ್ಲಿ ಬಿಗಿಯಾಗಿ ಹೋಯಿತು. ನಡುವಿನ ಕಟ್ಟೆಯಲ್ಲಿ ನಾಣ್ಯ ಹೋಗಲಿಲ್ಲ. ಹುರಿ ಶಾಫ್ಟಿನ ಮೇಲೆಯೇ ಒರಗಿತ್ತು, ಅಷ್ಟೇ ಅಲ್ಲ, ಶಾಫ್ಟು ಹುರಿಯನ್ನು ಮೇಲಕ್ಕೆ ಎತ್ತಿತ್ತು. ಎದ್ದು ಕಾಣುವ ಡೊಂಕಲ್ಲ. ಕಣ್ಣಿನಿಂದ ನೋಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಹುರಿ ಸುಳ್ಳು ಹೇಳುವುದಿಲ್ಲ.

"ಡೊಂಕ ಐತ್ರೀ!" ಎಂದು ನಾಲ್ಕನೆಯ ಮಷಿನಿನವಳು ಇಡೀ ಸಿಂದಗಿಗೆ ಕೇಳುವ ಹಾಗೆ ಕೂಗಿದಳು.

ಈಗ ಎಲ್ಲ ಒಂದಕ್ಕೊಂದು ಕೂಡಿತು. ನಡುವೆ ಶಾಫ್ಟು ಬಾಗಿ ತಿರುಗುತ್ತಿದ್ದರಿಂದ ಬುಶ್ಶು ಬಿಸಿಯಾಗಿ ಎಣ್ಣೆ ಕುಡಿಯುತ್ತಿತ್ತು, ಎಂಜಿನ್ ಏದುತ್ತಿತ್ತು. ಪಟ್ಟಾ ಒಮ್ಮೆ ಜಾರಿ ಒಮ್ಮೆ ಜಗ್ಗಿ ಮಷಿನನ್ನು ಕುಲುಕುತ್ತಿತ್ತು, ತಿರುಪು ಸಡಿಲಾಗಿ ಸಂದು ಸರಿಯುತ್ತಿತ್ತು. ಪಟ್ಟಾ ಬಿಗಿ ಮಾಡಿದಾಗ ಜಗ್ಗಾಟ ಹೆಚ್ಚಾಗಿತ್ತು. ಎದುರು ಸಾಲಿನವರು ಚಿಟಿಕೆಯಲ್ಲಿ ಹಾಕಿದ ದಿನ ಮಷಿನಿಗೆ ಭಾರವೇ ಇರಲಿಲ್ಲ, ಅದಕ್ಕೆ ಒಡೆದಿರಲಿಲ್ಲ. ಚರ್ಮದಲ್ಲಿ ಯಾವ ದೋಷವೂ ಇರಲಿಲ್ಲ, ಹೊಸ ರೋಲರಿನ ಜೊತೆ ಹಾಕಿದ ಹೊಸ ತಿರುಪುಗಳು ಬಿಗಿ ಇರುವ ತನಕ ನೆಟ್ಟಗಿತ್ತು, ಅಷ್ಟೇ. ನಾನು ಸುಮ್ಮನೆ ಅದನ್ನು ಬೈದಿದ್ದೆ.

ಒಂದು ಮಾತು ಮಾತ್ರ ಉಳಿಯಿತು. ಇಂಜಿನಿಯರು ಕಟ್ಟೆಯ ಸುತ್ತ ತಿರುಗಿ ತಲೆ ಕೆರೆದುಕೊಂಡ. "ಕಟ್ಟಿ ಕುಸದದ್ದ ನೋಡೇನಿ. ಏರಿದ್ದ ನೋಡಿಲ್ಲ. ಕಲ್ಲ ಹೆಂಗ ಮ್ಯಾಲ ಏರತೈತಿ?"

ಮ್ಯಾನೇಜರು ಕೂತು ಕಟ್ಟೆಯ ಬುಡ ಕೆದರಿದ. ಮಣ್ಣು ಕೈಗೆ ಅಂಟಿತು. ಹೊರಗೆ ಹೊಲಗಳಲ್ಲಿ ಕಾಲು ಸಿಗುವಷ್ಟು ಬಿರುಕು ಬಿಟ್ಟ ಬೇಸಿಗೆ, ಇಲ್ಲಿ ಮಣ್ಣು ಹಸಿ.

"ಇದು ಎರಿ ಮಣ್ಣ ಐತಲ್ರೀ ಸಾಹೇಬ್ರ," ಎಂದ, ತಿಳಿದವನ ಗತ್ತಿನಲ್ಲಿ. "ನೀರ ಕುಡದ್ರ ಹಿಟ್ಟ ನಾದಿದಂಗ ಉಬ್ಬತೈತಿ. ಕಲ್ಲೇನು, ಮನೀನ ಎತ್ತತೈತಿ. ಇಲ್ಲೆ ನೀರ ಎಲ್ಲಿಂದ…"

ಅಲ್ಲಿಗೇ ನಿಂತ. ನಾವೆಲ್ಲ ಅವನ ಕಣ್ಣು ಹೋದ ಕಡೆ ನೋಡಿದೆವು. ಕಿಟಕಿಯ ಆಚೆ, ಗೋಡೆಗೆ ಅಂಟಿಕೊಂಡು, ಹಸಿರಾಗಿ ಬದನೆಯ ಮಡಿ. ಎಂಜಿನ್ ತಂಪು ಮಾಡುವ ತೊಟ್ಟಿಯಿಂದ ಹೆಚ್ಚಾಗಿ ಹೊರಬೀಳುವ ನೀರು ಮೊದಲು ಹಾದಿಯ ಕಡೆ ಹರಿದು ಹೋಗುತ್ತಿತ್ತು. ಸುಮ್ಮನೆ ಹಾಳಾಗುತ್ತದೆ ಎಂದು ಮ್ಯಾನೇಜರು ಅದಕ್ಕೆ ಕಾಲುವೆ ಮಾಡಿ ಗೋಡೆಯ ಗುಂಟ ತಿರುಗಿಸಿದ್ದ. ನೀರು ಬದನೆಗೂ ಹೋಗುತ್ತಿತ್ತು, ಗೋಡೆಯ ಕೆಳಗಿನಿಂದ ನಮ್ಮ ನಡುವಿನ ಕಟ್ಟೆಗೂ ಹೋಗುತ್ತಿತ್ತು.

ಮೊದಲು ನಕ್ಕವನು ಎಣ್ಣೆ ಮುದುಕ. ಆಮೇಲೆ ಯಾರನ್ನೂ ಹಿಡಿಯಲಾಗಲಿಲ್ಲ. ಮ್ಯಾನೇಜರು ಎದ್ದು ಕೈಯ ಮಣ್ಣು ಒರೆಸಿಕೊಂಡ.

"ನೀವೂ ಎಲ್ಲಾರೂ ತಿಂದೀರಿ ಮತ್ತ!" ಎಂದ.

"ತಿಂದೇವ್ರಿ," ಎಂದೆ. "ರುಚಿ ಇತ್ತು."

ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಕಾಲುವೆಯನ್ನು ಹಾದಿಯ ಕಡೆ ತಿರುಗಿಸಿದರು. ಗೋಡೆಯ ಗುಂಟ ಅಗೆದು ಹಸಿ ಮಣ್ಣು ತೆಗೆದು ಮರಳು ತುಂಬಿದರು. ನಡುವಿನ ಬುಶ್ಶಿನ ಕೆಳಗೆ ಕಟ್ಟಿದಾಗ ಇಟ್ಟಿದ್ದ ತಗಡಿನ ಪಟ್ಟಿಗಳಲ್ಲಿ ಒಂದೊಂದನ್ನೇ ತೆಗೆಯುತ್ತ ಇಂಜಿನಿಯರು ಶಾಫ್ಟನ್ನು ಹುರಿಯ ಮಟ್ಟಕ್ಕೆ ಇಳಿಸಿದ. ಮಣ್ಣು ಒಣಗಿದಂತೆ ಕಟ್ಟೆ ಮತ್ತೆ ಇಳಿಯುತ್ತದೆ, ಆಗ ಈ ಪಟ್ಟಿಗಳನ್ನು ಒಂದೊಂದಾಗಿ ತಿರುಗಿ ಒಳಗೆ ಇಡಬೇಕು ಎಂದು ಹೇಳಿದ. ಅದಕ್ಕಾಗಿ ಎರಡೂ ಗೋಡೆಯಲ್ಲಿ ಹುರಿಯ ಮೊಳೆ ಹಾಗೆಯೇ ಬಿಡಿಸಿದ. ಹುರಿ ಎಳೆದು ನೋಡುವ ಕೆಲಸವನ್ನು ಇಬ್ಬರು ಮೇಸ್ತ್ರಿಗಳಿಗೂ ಕೂಡಿಯೇ ಕೊಟ್ಟ. ಒಬ್ಬನಿಗೆ ಕೊಟ್ಟಿದ್ದರೆ ಇನ್ನೊಬ್ಬ ನಂಬುತ್ತಿರಲಿಲ್ಲ.

ಹೊತ್ತು ಇಳಿಯುವುದಕ್ಕೆ ಮುಂಚೆ ನಾಲ್ಕನೆಯ ಮಷಿನಿಗಷ್ಟೇ ಪಟ್ಟಾ ಏರಿಸಿ ಎಂಜಿನ್ ಹಚ್ಚಿದರು. ಹತ್ತಿ ಹಾಕಲು ಗೊಳಸಂಗಿಯ ಹುಡುಗಿಯೇ ಕೂತಳು. ಚಿಟಿಕೆಯಲ್ಲಿ ಹಾಕಲಿಲ್ಲ, ಎರಡೂ ಕೈ ತುಂಬಿ ಹಾಕಿದಳು. ನನ್ನ ದವಡೆ ಕಾಯುತ್ತಿತ್ತು. ಏನೂ ಆಗಲಿಲ್ಲ. ಕೆಳಗೆ ಉದುರಿದ ಕಾಳನ್ನು ಬೊಗಸೆಯಲ್ಲಿ ತೆಗೆದು ಮ್ಯಾನೇಜರಿಗೆ ಕೊಟ್ಟೆ. ಅವನು ಕಿಟಕಿಯ ಬೆಳಕಿಗೆ ಹಿಡಿದು, ಬೆರಳಿನಿಂದ ಹರಡಿ, ಒಂದೊಂದನ್ನೇ ಹೊರಳಿಸಿ ನೋಡಿದ. ಎಲ್ಲ ಇಡಿಯಾಗಿದ್ದವು. ಅಷ್ಟರಲ್ಲಿ ಉಳಿದ ಮಷಿನುಗಳಿಗೆ ಪಟ್ಟಾ ಏರಿಸಲು ಎಂಜಿನ್ ನಿಲ್ಲಿಸಿದ್ದರು.

ಅವನು ಮೋರಟಗಿಯ ಮಾತು ಎತ್ತಲಿಲ್ಲ, ತಪ್ಪಾಯಿತು ಎಂದೂ ಅನ್ನಲಿಲ್ಲ. ಕಾಳನ್ನು ಬೀಜದ ಚೀಲಕ್ಕೆ ಹಾಕಿ ಕೈ ಝಾಡಿಸಿ, "ನಾಳೆ ಹೊತ್ತಿಗೆ ಸರಿಯಾಗಿ ಬರ್ರಿ ಎಲ್ಲಾರೂ," ಎಂದ.

"ನಾಳಿ ಮಾತ ನಾಳಿಗಿರಲಿ," ಎಂದಳು ನಾಲ್ಕನೆಯ ಮಷಿನಿನವಳು. "ಬಂಡಿ ನಿಂತಾವು, ಇವತ್ತಿನ ಹೊತ್ತ ಇನ್ನೂ ಐತಿ. ಪಟ್ಟಾ ಹಾಕಸ್ರಿ."

ನಮ್ಮ ಸಾಲು ಕೂತಿತು.